ಸರಿಯಾಗಿ ಅರ್ಧ

ಮೇಷ್ಟ್ರು ಆಸ್ಪತ್ರೆಯಲ್ಲಿ ದಿನ ಎಣಿಸುತ್ತಿದ್ದರು. ಶಿಷ್ಯೆ ಲ್ಯಾಬಿನಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

ಮೇಷ್ಟ್ರ ಹೆಸರು ನಿಂತಿದ್ದೇ ಒಂದು ಮಾತಿನ ಮೇಲೆ. ಆಕ್ಸೈಡಿನ ಮೇಲೆ ಕೂರಿಸಿದ ಕಾಂತೀಯ ಲೋಹದ ಪದರ, ಕಣ್ಣಿಗೂ ಕಾಣದಷ್ಟು ತೆಳು. ಅದರಲ್ಲಿ ಕರೆಂಟ್ ಹರಿಸಿದರೆ ಎಲೆಕ್ಟ್ರಾನುಗಳ ಸ್ಪಿನ್ ಎಂಬ ಗಿರಕಿ ಆ ಕಾಂತತ್ವವನ್ನೇ ತಿರುಚುತ್ತದೆ, ಅದೂ ಯಾರೂ ಊಹಿಸದಷ್ಟು ಜೋರಾಗಿ, ಎಂದು ಅವರು ಪ್ರಕಟಿಸಿದ್ದರು. ಆ ತಿರುಚುವ ಬಲವನ್ನು ಅಳೆಯುವುದೇನು ಹುಡುಗಾಟವಲ್ಲ. ಕರೆಂಟ್ ಹರಿದರೆ ಪದರ ಬಿಸಿಯಾಗುತ್ತದೆ, ಆ ಹಾಳು ಬಿಸಿಯೂ ಥೇಟ್ ಅದೇ ವೇಷದ ಸಿಗ್ನಲ್ ಕೊಡುತ್ತದೆ. ಕಳ್ಳನನ್ನು ಹಿಡಿಯಲು ಇರುವುದು ಒಂದೇ ದಾರಿ: ಹೊರಗಿನ ಮ್ಯಾಗ್ನೆಟ್ಟಿನ ಬಲ ಏರಿಸುತ್ತಾ ಹೋಗಬೇಕು. ಅದು ಪದರದ ಕಾಂತತ್ವವನ್ನು ಬಿಗಿಯಾಗಿ ಹಿಡಿದಷ್ಟೂ ತಿರುಚುವುದು ಕಷ್ಟ, ಸಿಗ್ನಲ್ ಇಳಿಯಬೇಕು. ಇಳಿಯದಿದ್ದರೆ ಬರೀ ಬಿಸಿ.

ಹಳೆಯ ಮ್ಯಾಗ್ನೆಟ್ಟಿಗೆ ಅಷ್ಟು ತ್ರಾಣವಿರಲಿಲ್ಲ. ಈಗ ಹೊಸದು ಬಂದಿತ್ತು. ಅವಳು ಬಲವನ್ನು ಎರಡರಷ್ಟು ಮಾಡಿದಳು, ಮೂರರಷ್ಟು ಮಾಡಿದಳು. ಸಿಗ್ನಲ್ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ತಂತಿ ಬದಲಿಸಿದಳು, ಪದರದ ಇನ್ನೊಂದು ಚೂರು ಹಾಕಿದಳು. ಊಹೂಂ.

ಆಸ್ಪತ್ರೆಯ ಬಾಗಿಲಲ್ಲೇ ಮೇಷ್ಟ್ರ ಹೆಂಡತಿ ಅವಳ ಕೈ ಹಿಡಿದುಕೊಂಡರು. "ಬೆಳಗ್ಗೆಯಿಂದ ನಿನ್ನ ದಾರೀನೇ ಕಾಯ್ತಿದ್ದಾರೆ ಕಣೇ. ಒಳ್ಳೇ ಸುದ್ದಿ ತಾನೇ?"

ಅವಳು ಮೇಷ್ಟ್ರ ಕೋಣೆಯ ಕಡೆ ನಡೆದಳು. ಅಪ್ಪನಿಲ್ಲದ ತನ್ನನ್ನು ಗದರಿಸಿ, ನಗಿಸಿ, ಒಂದು ನೆಲೆಗೆ ತಂದ ಮನುಷ್ಯ. ಹೋಗುವ ಹೊತ್ತಿನಲ್ಲಿ ಅವರ ಎದೆ ಒಡೆಯಲು ಮನಸ್ಸು ಬರಲಿಲ್ಲ.

"ಇಳೀತಾ?" ಎಂದರು ಮೇಷ್ಟ್ರು, ದಿಂಬಿನಿಂದ ತಲೆ ಎತ್ತದೆ.

"ಇಳೀತು ಸರ್."

"ಎಷ್ಟು?"

"ಮ್ಯಾಗ್ನೆಟ್ ಎರಡರಷ್ಟು ಮಾಡ್ದಾಗ ಅರ್ಧ."

"ಅರ್ಧ ಅಂದ್ರೆ? ಹೆಚ್ಚುಕಮ್ಮೀನಾ?"

"ಸರಿಯಾಗಿ ಅರ್ಧ ಸರ್."

ಅರಳುತ್ತಿದ್ದ ಮೇಷ್ಟ್ರ ಮುಖ ಅಲ್ಲೇ ನಿಂತಿತು. ಅವಳ ಕಡೆ ತಿರುಗಿದರು.

"ನಮ್ಮ ಲ್ಯಾಬಲ್ಲಿ ಯಾವತ್ತಾದ್ರೂ, ಏನಾದ್ರೂ, ಸರಿಯಾಗಿ ಅರ್ಧ ಬಂದಿದ್ದುಂಟೇನಮ್ಮ?"

ಅವಳು ತಲೆ ತಗ್ಗಿಸಿದಳು. ಅಳು ತಡೆಯಲಾಗಲಿಲ್ಲ.

"ಇಷ್ಟು ವರ್ಷ ಜೊತೆಗಿದ್ದು ಸುಳ್ಳು ಹೇಳೋದೊಂದು ಕಲೀಲಿಲ್ಲ ನೀನು," ಎಂದು ನಗಲು ಹೋದರು, ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಗೋಡೆಯ ಕಡೆ ತಿರುಗಿದರು. "ಹಾಗಾದ್ರೆ ಬರೀ ಬಿಸಿ."

"ಹೌದು ಸರ್."

ಹೆಂಡತಿ ಏನೊಂದೂ ತಿಳಿಯದೆ ಇಬ್ಬರ ಮುಖವನ್ನೂ ನೋಡುತ್ತಿದ್ದರು. ಮೇಷ್ಟ್ರು ಗೋಡೆಗೇ ಮಾತಾಡಿದರು.

"ನಾವು ಬರೆದಿದ್ದು ತಪ್ಪು ಅಂತ ಬರಿ. ಸಹಿ ನಾನೇ ಹಾಕ್ತೀನಿ. ನಾನು ಹೋದ್ಮೇಲೆ ನೀನು ಬರೆದ್ರೆ, ಸತ್ತೋರ ಬೆನ್ನಿಗೆ ಚೂರಿ ಹಾಕಿದ್ಲು ಅಂತಾರೆ ಜನ."

ಅವಳು ಬ್ಯಾಗಿನಲ್ಲಿ ಕಾಗದಕ್ಕಾಗಿ ತಡಕಾಡಿದಳು. ಕಣ್ಣು ಮಂಜಾಗಿ ಏನೂ ಕಾಣಲಿಲ್ಲ.

"ಬೇಗ," ಎಂದರು ಮೇಷ್ಟ್ರು. "ಕೈ ಆಡ್ತಿರೋವಾಗ್ಲೇ."