ಪೆದ್ದಣ್ಣ ಬಿನ್ ಕದರಪ್ಪ

"ಜೋಡಿ ನಳಿಗೆದು ನಿಮ್ಗೆ ಬೇಡ ಬಿಡಿ," ಎಂದು ಅಹಮದ್ ಷರೀಫ್ ಸಾಹೇಬರು ಗಾಜಿನ ಮೇಜಿನ ಮೇಲಿದ್ದ ಎರಡು ಬಂದೂಕುಗಳಲ್ಲಿ ಚೆಂದದ್ದನ್ನೇ ಹಿಂದಕ್ಕೆ ಸರಿಸಿದರು. "ಅದು ಶೋಕಿ ಮಾಡೋರಿಗೆ. ನೀವು ಮನೆ ಕಾಯೋಕೆ ತಾನೇ ತಗೊಳ್ತಿರೋದು? ಒಂಟಿ ನಳಿಗೆ ಸಾಕು. ಭಾರ ಕಮ್ಮಿ, ರಿಪೇರಿ ಕಮ್ಮಿ, ರೇಟೂ ಕಮ್ಮಿ."

ಕಾಡಸಿದ್ದಪ್ಪ ಒಂಟಿ ನಳಿಗೆಯದನ್ನು ಎತ್ತಿಕೊಂಡ. ಮದಲೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟು ಇಪ್ಪತ್ತೆರಡು ವರ್ಷ ರಾಗಿ ಬೀಸಿದವನು. ಚೀಲ ಎತ್ತಿದ ಮಾತ್ರಕ್ಕೆ ಇಷ್ಟೇ ಸೇರು ಎಂದು ಹೇಳುತ್ತಿದ್ದ. ಬಂದೂಕು ಮೂರು ಸೇರು ರಾಗಿಯಷ್ಟು ತೂಗಿತು. ಇಷ್ಟಕ್ಕೇನಾ ತಾನು ಒಂದು ವರ್ಷ ಅಲೆದದ್ದು ಎನಿಸಿತು.

"ಕೊರಟಗೆರೆ ಯಜಮಾನರೊಬ್ಬರದ್ದು. ಅವರು ತೀರಿಕೊಂಡ್ರು, ಮಕ್ಳು ನಮ್ಗೆ ಬೇಡ ಅಂತ ಇಲ್ಲಿ ತಂದಿಟ್ರು," ಎಂದರು ಸಾಹೇಬರು. ನಳಿಗೆಯನ್ನು ಬುಡದಲ್ಲಿ ಮಡಚಿ ತೆರೆದು, ಬೆಳಕಿಗೆ ಹಿಡಿದು, ಒಳಗೆ ನೋಡಲು ಹೇಳಿದರು. ಒಳಗೆ ತುಕ್ಕಿರಲಿಲ್ಲ. "ಅವರ ಕಾಲದಲ್ಲಿ ಹೊಡೆದಿದ್ದು ಒಂದೇ ಹಂದಿ. ಇದು ಹೊಡೆಯೋಕಲ್ಲ ಸ್ವಾಮಿ, ಇದೆ ಅಂತ ನಾಲ್ಕು ಜನಕ್ಕೆ ಗೊತ್ತಾಗೋಕೆ. ಅಂದ ಹಾಗೆ ಲೈಸೆನ್ಸ್ ವರ್ಷಕ್ಕೇ ಸಿಕ್ಕಿದೆಯಲ್ಲ, ಬೇರೆಯೋರು ಮೂರ್ನಾಲ್ಕು ವರ್ಷ ಅಲೀತಾರೆ. ಯಾರ್ದಾದ್ರೂ ಕಾಟ ಇತ್ತಾ?"

"ಇಲ್ಲ, ಹಿಂಗೇ... ಕಳ್ಳಕಾಕರು," ಎಂದ ಕಾಡಸಿದ್ದಪ್ಪ. ಮುಖ ಬಿಸಿಯಾಯಿತು. ಸಾಹೇಬರು ಪುಸ್ತಕದಲ್ಲಿ ನಂಬರು ಬರೆದುಕೊಳ್ಳುತ್ತಿದ್ದುದರಿಂದ ನೋಡಲಿಲ್ಲ. ಅವನು ಐದು ತೋಟಾಗಳನ್ನೂ ಕೊಂಡ. ಸುಳ್ಳು ಹೇಳಿದವರು ಅಂಗಡಿಯಿಂದ ಹೊರಡುವಾಗ ಮಾಡುವ ಅವಸರದಲ್ಲೇ ಹೊರಟ.

ಕಳ್ಳಕಾಕರು ಎಂಬುದು ಪೂರಾ ಸುಳ್ಳೇನಲ್ಲ. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ, ಹಾಡಹಗಲು, ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ಹೆಂಡತಿ ಜಯಕ್ಕನ ಹತ್ತಿರ ಒಬ್ಬ ನೀರು ಕೇಳಿದ. ಚೊಂಬು ಕೊಡಲು ಬಗ್ಗಿದಾಗ ಕೊರಳಿನ ಸರಕ್ಕೆ ಕೈ ಹಾಕಿದ. ಇವರ ಮನೆ ಊರು ದಾಟಿ ಕೆರೆ ಹಾದಿಯಲ್ಲಿದೆ. ಕೂಗಿದರೆ ಕೇಳಲು ಹತ್ತಿರದಲ್ಲಿ ಬೇರೆ ಮನೆಯಿಲ್ಲ. ಗಿರಣಿ ಮಾತ್ರ ಮನೆಗೆ ಅಂಟಿಕೊಂಡೇ ಇದೆ. ಕಾಡಸಿದ್ದಪ್ಪ ಗಿರಣಿಯೊಳಗೇ ಇದ್ದ. ಬೆಲ್ಟಿನ ಸದ್ದಿನಲ್ಲಿ ಅವನಿಗೆ ಹೆಂಡತಿಯ ಕೂಗು ಕೇಳಿಸಲಿಲ್ಲ.

ಕೇಳಿಸಿದ್ದು ಪೆದ್ದಣ್ಣನಿಗೆ. ನಿಡುಗಲ್ ಕಡೆಯ ಕುರಿಯವನು. ಪ್ರತಿ ವರ್ಷ ರಾಗಿ ಕಟಾವಾದ ಮೇಲೆ ಎರಡು ತಿಂಗಳು ಇವರ ಹೊಲದಲ್ಲಿ ಮಂದೆ ಹಾಕುತ್ತಿದ್ದ. ಕುರಿ ಹೊಲದಲ್ಲಿ ಮಲಗಿದರೆ ಗೊಬ್ಬರ, ಅದಕ್ಕೆ ಪ್ರತಿಯಾಗಿ ಅವನಿಗೆ ರಾಗಿ. ಅವನ ಅಪ್ಪ ಕದರಪ್ಪನೂ ಕಾಡಸಿದ್ದಪ್ಪನ ಅಪ್ಪನ ಕಾಲದಲ್ಲಿ ಇದೇ ಹೊಲದಲ್ಲಿ ಮಂದೆ ಹಾಕಿದವನೇ. ಅವತ್ತು ಪೆದ್ದಣ್ಣ ಹೊಲದಿಂದ ಬರಿಗಾಲಲ್ಲಿ, ಚುಚ್ಚುವ ರಾಗಿ ಕೂಳೆಯ ಮೇಲೇ ಓಡಿಬಂದ. ಸರ ಕಿತ್ತುಕೊಂಡು ಹೊರಟಿದ್ದ ಕಳ್ಳನ ಬೈಕಿನ ಹಿಂದೆ ಕೆರೆ ಏರಿಯವರೆಗೂ ಓಡಿ, ಬಿದ್ದು, ಮಂಡಿ ಒಡೆದುಕೊಂಡ. ಎಲ್ಲ ಮುಗಿದ ಮೇಲೆ, ಮೈತುಂಬ ಹಿಟ್ಟು ಮೆತ್ತಿಕೊಂಡು, "ಏನಾಯ್ತು?" ಎಂದು ಕೇಳುತ್ತ ಬಂದವನು ಗಂಡ.

ಅವತ್ತಿನಿಂದ ಜಯಕ್ಕ ಹಿತ್ತಲಿಗೆ ಒಬ್ಬಳೇ ಹೋಗುವುದನ್ನು ಬಿಟ್ಟಳು. ಪಾತ್ರೆಗಳನ್ನು ಮುಂಬಾಗಿಲಿಗೆ ತಂದು, ಗಿರಣಿಯ ಕಡೆ ಮುಖ ಮಾಡಿ ಉಜ್ಜತೊಡಗಿದಳು. ಗಂಡನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಬಂದೂಕಿನ ಯೋಚನೆಯೇ ಬರುತ್ತಿರಲಿಲ್ಲವೇನೋ.

ಮಧುಗಿರಿಯಲ್ಲಿ ಲೈಸೆನ್ಸು ಕೇಳಬೇಕಾದ ಕಚೇರಿಯ ಎದುರು ಮರದ ಕೆಳಗೆ ಅರ್ಜಿ ಟೈಪು ಮಾಡುವ ಗಂಗಯ್ಯ ಅವನ ಕಥೆಯನ್ನು ಅರ್ಧ ಕೇಳಿ ಕೈಯೆತ್ತಿದ. "ಭಯ ಅಂದ್ರೆ ಯಾರ ಭಯ? ಹೆಸರಿಲ್ಲದ ಭಯಕ್ಕೆ ಬಂದೂಕು ಕೊಡಲ್ಲ ಕಣ್ರಿ. ಮನೆ ಹತ್ರ ಹೊರಗಿನೋರು ಯಾರಾದ್ರೂ ಇರ್ತಾರಾ?"

"ಕುರಿಯೋರು ಬತ್ತಾರೆ. ಹೊಲದಾಗೇ ಮಂದೆ ಹಾಕ್ತಾರೆ."

"ಎಲ್ಲಿಯೋರು?"

"ನಿಡುಗಲ್ ಕಡೆ."

"ಹೆಸರು?"

"ಪೆದ್ದಣ್ಣ."

"ಬಿನ್?"

ತಂದೆಯ ಹೆಸರು ಗೊತ್ತಿಲ್ಲ ಎಂದಿದ್ದರೂ ಆಗುತ್ತಿತ್ತು. "ಕದರಪ್ಪ," ಎಂದ.

"ಸರ ಕಿತ್ತ ದಿನ ಅಲ್ಲೇ ಇದ್ನಾ?"

"ಇದ್ದ. ಅವನೇ ಮೊದ್ಲು ಓಡಿ..."

"ಇದ್ದ ತಾನೇ? ಅಷ್ಟು ಸಾಕು," ಎಂದ ಗಂಗಯ್ಯ. ಅವನ ಬೆರಳುಗಳು ಆಗಲೇ ಓಡುತ್ತಿದ್ದವು. ಸದರಿ ದಿನ ಸದರಿ ಸ್ಥಳದಲ್ಲಿಯೇ ಇದ್ದ ಪೆದ್ದಣ್ಣ ಬಿನ್ ಕದರಪ್ಪ ಎಂಬ ಅನ್ಯ ತಾಲ್ಲೂಕಿನ ವ್ಯಕ್ತಿಯಿಂದ ತನಗೂ ತನ್ನ ಪತ್ನಿಗೂ ಜೀವಭಯವಿರುತ್ತದೆ, ಎಂದು ಹಾಳೆಯಲ್ಲಿ ಮೂಡಿತು. ಕಾಡಸಿದ್ದಪ್ಪ ಅದನ್ನು ಎರಡು ಸಲ ಓದಿದ. ಓದು ಬಾರದವನಾಗಿದ್ದರೆ ಒಂದು ನೆಪವಾದರೂ ಇರುತ್ತಿತ್ತು. "ಇದು ಬರೀ ಕಾಗದ ಕಣ್ರಿ. ಒಳಗಡೆ ಯಾರು ಓದ್ತಾರೆ?" ಎಂದು ಗಂಗಯ್ಯ ಪೆನ್ನು ಕೊಟ್ಟ. ಇವನು ಸಹಿ ಹಾಕಿದ.

ಒಳಗಡೆ ಓದುವವರು ಇದ್ದರು ಎಂಬುದಕ್ಕೆ ಲೈಸೆನ್ಸ್ ಬಂದದ್ದೇ ಸಾಕ್ಷಿ. ಈ ವರ್ಷ ಕಟಾವಾಗಿ ತಿಂಗಳು ಕಳೆದರೂ ಕುರಿ ಬಂದಿರಲಿಲ್ಲ. "ಪೆದ್ದಣ್ಣ ಯಾಕ್ ಬರ್ಲಿಲ್ಲ?" ಎಂದು ಜಯಕ್ಕ ದಿನಕ್ಕೆರಡು ಸಲ ಕೇಳುತ್ತಿದ್ದಳು. "ಆ ಕಡೇನೇ ಮೇವು ಇರ್ಬೇಕು ಬುಡು," ಎನ್ನುತ್ತಿದ್ದ ಕಾಡಸಿದ್ದಪ್ಪ.

ಕೊಂಡ ಬಂದೂಕನ್ನು ಠಾಣೆಯಲ್ಲಿ ತೋರಿಸಿ ನಂಬರು ಬರೆಸಬೇಕು. ಸಿರಾದ ಬಂದೂಕಿನ ಅಂಗಡಿಯಿಂದ ನೇರ ಬಂದವನು ಬೈಕು ನಿಲ್ಲಿಸಿ, ಚೀಲ ಹೆಗಲಿಗೆ ಹಾಕಿಕೊಂಡು ತಲೆಯೆತ್ತಿದರೆ, ಠಾಣೆಯ ಜಗಲಿಯ ಬೆಂಚಿನ ಮೇಲೆ ಪೆದ್ದಣ್ಣ ಕೂತಿದ್ದ. ಹೆಗಲ ಮೇಲೆ ಅದೇ ಕರೀ ಕಂಬಳಿ. ಇವನನ್ನು ಕಂಡು ದಡಬಡಿಸಿ ಎದ್ದ.

"ಬಂದ್ಬುಟ್ಟಾ ಅಣ್ಣಾ," ಎಂದ. ಅವನ ಮುಖ ಅರಳಿತ್ತು. "ನನ್ನ ಗುರ್ತು ಬೇಕಂದ್ರೆ ಮದಲೂರು ಮಿಲ್ ಅಣ್ಣನ್ನ ಕೇಳ್ರಿ ಅಂತ ನಾನು ಬಂದಾಗೆಲ್ಲ ಹೇಳ್ತಾ ಇದ್ದೆ. ಕೊನೆಗೂ ಹೇಳಿ ಕಳ್ಸಿದ್ರಾ?"

ಕಾಡಸಿದ್ದಪ್ಪ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ನೀನು ಇಲ್ಯಾಕೆ?" ಎಂದ, ಗೊತ್ತಿದ್ದೂ.

"ಯಾರೋ ನನ್ನ ಮೇಲೆ ಅರ್ಜಿ ಹಾಕವ್ರಂತೆ. ಯಾರು ಅಂತ ಹೇಳಲ್ಲ. ಸೋಮ್ವಾರ ಸೋಮ್ವಾರ ಬಂದು ಸೈನು ಹಾಕ್ಬೇಕು, ಈ ಕಡೆ ಮಂದೆ ತರಂಗಿಲ್ಲ. ಕುರಿ ಬಾವಮೈದನ ಕೈಲಿ ಪಾವಗಡದ ಕಡೇನೇ ಅವೆ. ಪರ್ವಾಲೇದು ಬುಡಣ್ಣ, ನೀನು ಬಂದ್ಯಲ್ಲ. ಅಕ್ಕ ಚೆನ್ನಾಗವ್ಳಾ?"

"ಅವ್ಳೆ," ಎಂದ ಕಾಡಸಿದ್ದಪ್ಪ. ಅಷ್ಟರಲ್ಲಿ ಒಳಗಿನಿಂದ ಪೇದೆ ಸುರೇಶ್ ಲೈಸೆನ್ಸಿನ ಜೆರಾಕ್ಸ್ ತರಲು ಕೂಗಿ ಹೇಳಿದ. ಜೆರಾಕ್ಸ್ ಅಂಗಡಿ ರಸ್ತೆಯಾಚೆ, ಜನ ತುಂಬಿದ ಬಸ್ ನಿಲ್ದಾಣದ ಪಕ್ಕ ಇತ್ತು. ಪೆದ್ದಣ್ಣ ಚೀಲದತ್ತ ಕೈ ಚಾಚಿದ. "ಏನಣ್ಣ ಇದು, ಬಂದೂಕಾ? ಆ ಜನದಾಗೆ ಯಾಕೆ ಹೊತ್ಕೊಂಡ್ ಹೋಯ್ತೀಯ? ಕೊಡು, ನಾನು ನೋಡ್ಕೊಂಡಿರ್ತೀನಿ."

ಕೊಡಲು ಕಾಡಸಿದ್ದಪ್ಪ ಹಿಂದೆಮುಂದೆ ನೋಡಿದ. ಹಾಗೆ ನೋಡಿದೆನಲ್ಲ ಎಂದು ಮರುಕ್ಷಣವೇ ನಾಚಿಕೆಯಾಗಿ ಕೊಟ್ಟುಬಿಟ್ಟ. ತೋಟಾಗಳು ಕಾಡಸಿದ್ದಪ್ಪನ ಜೇಬಿನಲ್ಲೇ ಇದ್ದವು. ಅಂಗಡಿಯಲ್ಲಿ ಸರದಿಗೆ ನಿಂತು ತಿರುಗಿ ನೋಡಿದರೆ, ಪೆದ್ದಣ್ಣ ಚೀಲವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕಂಬಳಿ ಮುಚ್ಚುತ್ತಿದ್ದ, ಹೋಗಿ ಬರುವವರ ಕಣ್ಣಿಗೆ ಬೀಳದಂತೆ.

ಸುರೇಶ್ ನಂಬರು ನೋಡಿ ಬರೆದುಕೊಂಡ. ಬಂದೂಕು ಮತ್ತೆ ಪೆದ್ದಣ್ಣನ ತೊಡೆಗೆ ಹೋಯಿತು. ಒಳಗೆ ಇಬ್ಬರೇ ಉಳಿದಾಗ ಸುರೇಶ್ ದನಿ ತಗ್ಗಿಸಿ, "ಇವ್ನಿಂದ ಜೀವಭಯ ಅಂತ ಬರೆದಿದ್ದೀರ. ಅವನು ನೋಡಿದ್ರೆ ಬಂದಾಗೆಲ್ಲ ನಿಮ್ಮ ಹೆಸರೇ ಹೇಳ್ತಾನೆ," ಎಂದ.

"ನನ್ನ ಕೇಳ್ಬಹುದಿತ್ತಲ್ಲ ಸಾರ್."

"ನಿಮ್ಮನ್ನೇನ್ರಿ ಕೇಳೋದು? ಅರ್ಜಿ ನಿಮ್ದೇ ಅಲ್ವಾ?"

ಕಾಡಸಿದ್ದಪ್ಪ ಮೇಜಿನ ಅಂಚು ಹಿಡಿದುಕೊಂಡ. "ಅವನ ಹೆಸರು ತೆಗೀಬಹುದಾ?"

ಸುರೇಶ್ ಒಂದು ಬಿಳಿ ಹಾಳೆ ಮುಂದಿಟ್ಟ. "ಕಾರಣ ಇಲ್ದೆ ಬರೆಸಿದ್ದೆ ಅಂತ ನಿಮ್ಮ ಕೈಯಾರೆ ಬರ್ದು ಸಹಿ ಹಾಕಿ. ಆದ್ರೆ ಆ ಕಾಗದ ಮಧುಗಿರಿಗೆ ಹೋಗುತ್ತೆ. ಭಯಾನೇ ಇಲ್ಲ ಅಂದ್ಮೇಲೆ ಲೈಸೆನ್ಸ್ ಯಾತಕ್ಕೆ ಅಂತಾರೆ. ಬಂದೂಕು ಇಲ್ಲಿ ಒಪ್ಪಿಸ್ಬೇಕಾಗುತ್ತೆ. ಸುಳ್ಳು ಬರೆಸಿದ್ದಕ್ಕೆ ನಿಮ್ಮನ್ನೂ ಕರೀಬಹುದು."

ಮುಂಬಾಗಿಲಲ್ಲಿ ಕೂತು ಪಾತ್ರೆ ಉಜ್ಜುವ ಜಯಕ್ಕ ಕಣ್ಣ ಮುಂದೆ ಬಂದಳು. "ನಾಳೆ ಬರೀತೀನಿ," ಎಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡ. ನಾಳೆ ಎಂದರೆ ಏನೆಂಬುದು ಸುರೇಶನಿಗೂ ಗೊತ್ತಿತ್ತು. ಅವನು ಫ್ಯಾನಿನ ಕಡೆ ನೋಡಿದ.

ಹೊರಗೆ ಪೆದ್ದಣ್ಣ ಬೆಂಚಿನಿಂದ ಎದ್ದು, "ಹೇಳ್ದಾ ಅಣ್ಣಾ?" ಎಂದು ಕೇಳಿದ.

"ಹೇಳ್ತೀನಿ," ಎಂದ ಕಾಡಸಿದ್ದಪ್ಪ.

ಅದನ್ನೇ ದೊಡ್ಡ ಉಪಕಾರವೆಂಬಂತೆ ಪೆದ್ದಣ್ಣ ತಲೆಯಾಡಿಸಿದ. ಬಂದೂಕನ್ನು ಕಂಬಳಿಯಲ್ಲೇ ಸುತ್ತಿ, ಬೈಕಿಗೆ ತಾನೇ ಹಗ್ಗ ಬಿಗಿದು ಕಟ್ಟಿದ. "ಮನೆಗಂಟ ಯಾರೂ ನೋಡ್ದಂಗೆ ತಗೊಂಡೋಗು. ಕಂಬ್ಳಿ ಆಮೇಕೆ ಬಂದಾಗ ಈಸ್ಕೊಂತೀನಿ. ಒಳ್ಳೇದಾಯ್ತು ಬುಡಣ್ಣ. ಈ ಸಲ ಹೊಲದಾಗೆ ನಾನಿಲ್ಲ, ಅಕ್ಕ ಒಬ್ಳೇ ಏನ್ ಮಾಡ್ತಾಳೋ ಅಂತ ಅದೇ ಯೋಚ್ನೆ ಆಗಿತ್ತು. ಇನ್ನ ಪರ್ವಾಲೇದು."

ಮದಲೂರಿನ ದಾರಿಯುದ್ದಕ್ಕೂ ಬೆನ್ನ ಹಿಂದಿನಿಂದ ಕುರಿಯ ವಾಸನೆ ಬರುತ್ತಿತ್ತು. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡ ಕಾಡಸಿದ್ದಪ್ಪ. ಕೊರಳಪಟ್ಟಿ ಹಿಡಿದು ಕೇಳಿದ್ದರೆ ಇನ್ನೂ ಚೆನ್ನಾಗಿತ್ತು.

ಜಯಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು. ಅವಳು ನೋಡಿದ್ದು ಬಂದೂಕನ್ನಲ್ಲ. "ಇದು ಪೆದ್ದಣ್ಣನ ಕಂಬ್ಳಿ ಅಲ್ವಾ? ಎಲ್ಲಿ ಸಿಕ್ದ? ಯಾವಾಗ ಬತ್ತಾನಂತೆ?" ಎಂದು ತಾನೇ ಗಂಟು ಬಿಚ್ಚಿದಳು. ಬಂದೂಕಿನ ಚೀಲವನ್ನು ಗಂಡನ ಕೈಗಿತ್ತು, ಕಂಬಳಿಯನ್ನು ಕೊಡವಿ, ಜಗಲಿಯ ಮೂಲೆಯಲ್ಲಿ ಹಾಸಿದಳು. ಹನಿ ಬಿದ್ದಾಗೆಲ್ಲ ಪೆದ್ದಣ್ಣ ಬಂದು ಮಲಗುತ್ತಿದ್ದದ್ದು ಅದೇ ಮೂಲೆಯಲ್ಲಿ.

ಕಾಡಸಿದ್ದಪ್ಪ ಬಂದೂಕನ್ನು ಗೋಡೆಗೆ ಒರಗಿಸಿ, ಕಂಬಳಿಗೆ ತಾಗದಂತೆ ದೂರ ಕೂತ. ಜೇಬಿನಿಂದ ಹಾಳೆ ತೆಗೆದು ತೊಡೆಯ ಮೇಲೆ ನೀವಿದ. ಪೆನ್ನು ತೆಗೆದ.

"ಏನ್ ಬರೀತೀರ?" ಎಂದಳು ಜಯಕ್ಕ.

ಅವನು ಹೇಳಿದ. ಗಂಗಯ್ಯ ಕೇಳಿದ್ದು, ತಾನು ಕದರಪ್ಪನ ಹೆಸರನ್ನೂ ಕೊಟ್ಟಿದ್ದು, ಸಹಿ, ಸೋಮವಾರದ ಬೆಂಚು, ಎಲ್ಲವನ್ನೂ ತಲೆಯೆತ್ತದೆ ಹೇಳಿದ. "ಇದ್ನ ಬರ್ದು ಕೊಟ್ರೆ ಬಂದೂಕು ವಾಪಸ್ ಕೊಡ್ಬೇಕು," ಎಂದೂ ಹೇಳಿದ. ಜಯಕ್ಕ ಕಂಬದ ಹತ್ತಿರ ನಿಂತೇ ಇದ್ದಳು. ಯಾರೋ ರಾಗಿ ಡಬ್ಬ ಇಳಿಸಿ ಗಿರಣಿಯ ಕಡೆಯಿಂದ ಕೂಗಿದರು. "ಇವತ್ತು ಬೀಸಲ್ಲ," ಎಂದು ಅವಳೇ ಕೂಗಿ ಹೇಳಿದಳು.

ಪೆದ್ದಣ್ಣ ಬಿನ್ ಕದರಪ್ಪ, ಎಂದು ಬರೆದು ಕಾಡಸಿದ್ದಪ್ಪನ ಕೈ ನಿಂತಿತು. ಮುಂದೆ ಗಂಗಯ್ಯನ ಮಾತುಗಳೇ ನೆನಪಿಗೆ ಬರುತ್ತಿದ್ದವು, ಸದರಿ ದಿನ, ಸದರಿ ಸ್ಥಳ. ಜಯಕ್ಕ ಬಂದು ಪಕ್ಕದಲ್ಲಿ ಕೂತಳು. ಬೆರಳು ಕೊರಳಿಗೆ ಹೋಗಿ, ಸರವಿಲ್ಲದ ಜಾಗ ಮುಟ್ಟಿ ಕೆಳಗಿಳಿಯಿತು.

"ನಾನು ಕೂಗ್ದಾಗ ಓಡಿ ಬಂದೋನು ಅಂತ ಬರೀರಿ," ಎಂದಳು.

ಅವನು ಬರೆದ.

"ಬರಿಗಾಲಲ್ಲಿ ಅಂತಾನೂ ಹಾಕಿ."

ಅದನ್ನೂ ಬರೆದ.