ಹನ್ನೆರಡನೇ ಬೋಗಿಗೆ ನೂರು ಹೆಸರು

ಭಟ್ಕಳದಿಂದ ಕುಮಟೆಯವರೆಗೆ ನಿತ್ಯಾನಂದ ನಾಯ್ಕ ಹತ್ತದ ಟೆಲಿಫೋನ್ ಕಂಬ ಒಂದಿದ್ದರೆ ಅದು ಇನ್ನೂ ನೆಡದ ಕಂಬವೇ ಇರಬೇಕು. ಅವನು ಏಣಿ ಇಡುವುದನ್ನು ಕಂಡರೆ ತಂತಿಯ ಮೇಲಿನ ಕಾಗೆಗಳು ಸರಿದು ಜಾಗ ಬಿಡುತ್ತಿದ್ದವು. ಮಂಕಿಯಲ್ಲಿ ಅವನ ತಂತಿ ಕತ್ತರಿಸುವ ಪಕ್ಕಡ ಟಿಕ್ ಎಂದರೆ ಮುರ್ಡೇಶ್ವರದಲ್ಲಿ ನಾಯಿ ಬೊಗಳುತ್ತಿತ್ತು. ಯಾವ ಎಕ್ಸ್‌ಚೇಂಜಿನ ಲೈನ್‌ಮನ್ ಎಂದು ಮಾತ್ರ ಕೇಳಬಾರದು. ಆ ಎಕ್ಸ್‌ಚೇಂಜಿನವರೇ ಈ ಸಂಗತಿಯನ್ನು ಮರೆಯಲು ನೋಡುತ್ತಿದ್ದಾರೆ.

ಇಂಥ ನಿತ್ಯಾನಂದ ಹಗಲಿಗೆ ಲೈನ್‌ಮನ್, ಸಂಜೆಗೆ ಚಕ್ರವರ್ತಿ. ನೌಕರರಿಗೆಂದು ಕೊಟ್ಟ ಪುಕ್ಕಟೆ ಫೋನಿಗೆ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಜೋಡಿಸಿ, ಎರಡು ಸಾವಿರದ ಒಂದನೇ ಇಸವಿಯಲ್ಲಿ ಇಂಟರ್‌ನೆಟ್ಟಿನಲ್ಲಿ ಅವನು 'ತುತ್ತೂರಿ ಬಳಗ' ಎಂಬ ಸಾಮ್ರಾಜ್ಯ ಕಟ್ಟಿದ. ಮುಂಬಯಿ ಬಳಿಯ ಉಲ್ಲಾಸನಗರದ ತುತ್ತೂರಿ ಆಟಿಕೆ ಕಂಪನಿಯ ಅಭಿಮಾನಿಗಳ ಗುಂಪು ಅದು. ಲಕ್ಷ ಜನ ಇದ್ದರು ಎಂಬುದು ಅವನ ಬಾಯಿಲೆಕ್ಕ. ಪಟ್ಟಿಯಲ್ಲಿ ಇದ್ದದ್ದು ನೂರ ಮೂವತ್ತೇಳು. ಹೊನ್ನಾವರ, ಕುಮಟೆ, ಭಟ್ಕಳದವರು, ಇಲ್ಲಿಂದ ಮುಂಬಯಿಗೂ ದುಬೈಗೂ ಹೋದವರು, ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವವರು.

ಈ ಕರಾವಳಿಗೆ ನಿಜವಾದ ರೈಲು ಬರುವ ಮೂವತ್ತು ವರ್ಷ ಮೊದಲೇ ತುತ್ತೂರಿಯ ತಗಡಿನ ರೈಲು ಬಂದಿತ್ತು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವವರು ರಜೆಗೆ ಬರುವಾಗ ಟ್ರಂಕಿನ ತಳದಲ್ಲಿ ಒಂದೊಂದು ಬೋಗಿ ತರುತ್ತಿದ್ದರು. ರೈಲೆಂದರೆ ಕೀ ಕೊಟ್ಟರೆ ಓಡುವಂಥದ್ದು ಎಂದೇ ಮಕ್ಕಳು ನಂಬಿದ್ದರು. ತೊಂಬತ್ತೆಂಟರಲ್ಲಿ ಹೊನ್ನಾವರಕ್ಕೆ ನಿಜವಾದ ರೈಲು ಬಂದು ನಿಂತಾಗ, ಮೀಸೆ ಹಣ್ಣಾದ ಹತ್ತಾರು ಗಂಡಸರು ಬಗ್ಗಿ ಎಂಜಿನ್ನಿನ ಹೊಟ್ಟೆಯಡಿ ಕೀ ಹುಡುಕಿದರಂತೆ.

ತುತ್ತೂರಿ ರೈಲಿಗೆ ಒಂದು ಎಂಜಿನ್ನು, ಹನ್ನೆರಡು ಬೋಗಿ. ನಿತ್ಯಾನಂದನ ಅಪ್ಪ ವರ್ಷಕ್ಕೊಂದರಂತೆ ಹನ್ನೊಂದು ತಂದಿದ್ದ. ಹನ್ನೆರಡನೆಯದು ಗಾರ್ಡಿನ ಬೋಗಿ. ಅದನ್ನು ಕಂಪನಿ ಮೂರು ತಿಂಗಳು ಮಾತ್ರ ಮಾಡಿ ನಿಲ್ಲಿಸಿತು. ಮೂರು ತಾಲೂಕಿನಲ್ಲಿ ಅದನ್ನು ಕಣ್ಣಾರೆ ಕಂಡವರಿಲ್ಲ. ನಿತ್ಯಾನಂದನ ಗಾಜಿನ ಕಪಾಟಿನಲ್ಲಿ ಹನ್ನೊಂದು ಬೋಗಿಗಳ ಹಿಂದೆ ಒಂದು ಗೇಣು ಜಾಗ ಖಾಲಿ. ಅಲ್ಲಿ ಉಪ್ಪಿನಕಾಯಿ ಭರಣಿ ಇಡಲು ಹೆಂಡತಿ ಸುಮತಿ ಹದಿನೈದು ವರ್ಷದಿಂದ ಅಪ್ಪಣೆ ಕೇಳುತ್ತಿದ್ದಳು. ಸಾಯುವುದರೊಳಗೆ ಆ ಗೇಣು ತುಂಬಬೇಕು ಎಂಬುದೊಂದೇ ಅವನ ಹಟ. ಬಳಗ ಕಟ್ಟಿದ್ದೂ ಅದಕ್ಕೇ.

ಆ ಬೋಗಿಯ ಬಣ್ಣದ ಮೇಲೆಯೇ ಬಳಗಕ್ಕೆ ಕೊಳೆರೋಗ ಹತ್ತಿತು.

ಕುಮಟೆಯಲ್ಲಿ ತ್ರ್ಯಂಬಕ ಭಟ್ಟರು ಎಂಬ ಗಣಿತದ ಮಾಸ್ತರರು ಬಳಗದ ಸದಸ್ಯರು. "ಹನ್ನೆರಡನೆಯದು ಕೆಂಪು," ಎಂದು ಅವರು ಒಂದು ದಿನ ಬರೆದರು. "ಹಸಿರು," ಎಂದು ನಿತ್ಯಾನಂದ ಉತ್ತರಿಸಿದ. ಇಬ್ಬರ ಬಳಿಯೂ ಇದ್ದ ಆಧಾರ ಒಂದೇ: ಕಂಪನಿಯ ಹಳೆಯ ಕ್ಯಾಟಲಾಗು. ಅದು ಅಚ್ಚಾದದ್ದು ಕಪ್ಪು ಬಿಳುಪಿನಲ್ಲಿ.

ಕುರುಡರಿಬ್ಬರು ಆನೆ ಮುಟ್ಟಿದ್ದರೆ ಆನೆಯಾದರೂ ಸಿಗುತ್ತಿತ್ತು. ಇವರಿಗೆ ಸಿಕ್ಕಿದ್ದು ಬರೀ ಜಗಳ. ಮೊದಲ ವಾರ "ಮಾನ್ಯರೇ" ಎಂದರು, ಎರಡನೆಯ ವಾರ "ಮಾರಾಯಾ" ಎಂದರು, ಮೂರನೆಯ ವಾರ ಕಂಪ್ಯೂಟರಿನ ಪರದೆಯಿಂದ ಹೊಗೆ ಎದ್ದಿತು. ಭಟ್ಟರು ನಿತ್ಯಾನಂದನನ್ನು 'ಕಂಬಕ್ಕೆ ಕಟ್ಟಿದ ಮಂಗ' ಎಂದರು. ನಿತ್ಯಾನಂದ ಅವರನ್ನು ಬಳಗದಿಂದ ಹೊರಗೆ ಹಾಕಿದ. ಅವರು ಮರುದಿನ 'ಸತ್ಯವಾದಿ' ಎಂಬ ಹೆಸರಿನಲ್ಲಿ ಬಂದರು. ಅದನ್ನೂ ಹಾಕಿದ. 'ಕೆಂಪುಬೋಗಿ' ಎಂದು ಬಂದರು, ಮತ್ತೆ ಹಾಕಿದ. ಕೊನೆಗೆ 'ನಿತ್ಯಾನಂದನ ಮಾವ' ಎಂಬ ಹೆಸರಿನಲ್ಲಿ ಬಂದು, ಬಳಗದ ಎಲ್ಲರೆದುರು ಅಳಿಯನ ಕ್ಷೇಮಸಮಾಚಾರ ವಿಚಾರಿಸಿದರು.

ಆಗ ನಿತ್ಯಾನಂದನಿಗೆ ಹೊಳೆಯಿತು. ಹೆಸರು ನೂರಿರಬಹುದು, ತಂತಿ ಒಂದೇ ಅಲ್ಲವೇ?

ಮರುದಿನ ಕುಮಟೆಯ ಕಡೆ ಕೆಲಸವಿತ್ತು. ಭಟ್ಟರ ಮನೆಯೆದುರಿನ ಕಂಬ ಹತ್ತಿದ. ಟಿಕ್. ದೂರು ಕೊಟ್ಟರೆ ಅದು ಹೋಗಿ ಬೀಳುವುದು ಎಕ್ಸ್‌ಚೇಂಜಿನಲ್ಲಿ ನಾಗನ ಮೇಜಿನ ಮೇಲೆ, ನಾಗ ಅವನ ಅಕ್ಕನ ಮಗ. ಭಟ್ಟರ ದೂರಿಗೆ ನಾಗ 'ಕೇಬಲ್ ದೋಷ, ಮುಂದಿನ ಮಳೆ ಕಳೆದ ಮೇಲೆ' ಎಂದು ಬರೆದು ಅದರ ಮೇಲೆ ಚಾ ಲೋಟ ಇಟ್ಟ.

ಮದ್ದು ಚೆನ್ನಾಗಿ ಹತ್ತಿತು. ಹತ್ತಿದ ಮದ್ದನ್ನು ಯಾರು ಬಿಡುತ್ತಾರೆ? ಕೆಂಪು ಎಂದವರ ತಂತಿ ಟಿಕ್. "ಇಬ್ಬರೂ ಸುಮ್ಮನಿರಿ" ಎಂದವರ ತಂತಿ ಟಿಕ್. ಹಸಿರು ಎಂದು ಬರೆದೂ ಕೊನೆಗೊಂದು ಪ್ರಶ್ನೆಚಿಹ್ನೆ ಹಾಕಿದ ಗೇರುಸೊಪ್ಪದ ಗಣಪನ ತಂತಿಯೂ ಟಿಕ್. ಇನ್ನೂರು ತಂತಿ ಕತ್ತರಿಸಿದ ಎನ್ನುವವರಿದ್ದಾರೆ. ಅಷ್ಟಿಲ್ಲ, ನೂರ ತೊಂಬತ್ತೊಂಬತ್ತು ಇರಬಹುದು. ಆಫೀಸಿನ ಪುಸ್ತಕದಲ್ಲಿ ಸಿಕ್ಕಿದ್ದು ಇಪ್ಪತ್ತಮೂರು. ಫೋನುಗಳು ಸಾಯುವುದನ್ನು ಕಂಡು ಉಳಿದವರು ಬಾಯಿ ಮುಚ್ಚಿದರು. ದುಬೈಯವರಿಗೆ ಬಯ್ಯಲು ಜನ ಸಿಗದೆ ಬೇಜಾರು ಬಂತು. ಎರಡು ಸಾವಿರದ ನಾಲ್ಕರ ಮಳೆಗಾಲದ ಹೊತ್ತಿಗೆ ಬಳಗದಲ್ಲಿ ದಿನಕ್ಕೊಂದೇ ಮಾತು: ನಿತ್ಯಾನಂದ ಬರೆದ 'ಶುಭೋದಯ'.

"ನೋಡು, ಎಷ್ಟು ಶಿಸ್ತು," ಎಂದು ಅವನು ಸುಮತಿಗೆ ತೋರಿಸಿದ.

"ಹೌದು. ಹೆಣದಷ್ಟು ಶಿಸ್ತು," ಎಂದಳು ಸುಮತಿ.

ಆಗಸ್ಟಿನಲ್ಲಿ ತುತ್ತೂರಿ ಕಂಪನಿಯ ಪ್ರಕಟಣೆ ಬಂತು. ಹಳೆಯ ಅಚ್ಚುಗಳನ್ನೆಲ್ಲ ಗುಜರಿಗೆ ಹಾಕುತ್ತಿದ್ದಾರೆ. ಅಭಿಮಾನಿ ಬಳಗದ ಹಳೆಯ ಪಟ್ಟಿಯಲ್ಲಿದ್ದ ನೂರು ಜನ ತಮ್ಮ ತಮ್ಮ ಗುಪ್ತಪದ ಹಾಕಿ ಕಂಪನಿಯ ಪುಟದಲ್ಲಿ ಹೆಸರು ಕೊಟ್ಟರೆ, ಹನ್ನೆರಡನೇ ಬೋಗಿಯನ್ನು ಕೊನೆಯ ಸಲ ಮಾಡಿಕೊಡುತ್ತಾರೆ. ಆಗಸ್ಟ್ ಮೂವತ್ತೊಂದು, ಸಂಜೆ ಆರು ಗಂಟೆಯೊಳಗೆ. ನೂರಕ್ಕೆ ಒಂದು ಕಡಿಮೆಯಾದರೂ ಅಚ್ಚು ಕರಗುತ್ತದೆ.

ನಿತ್ಯಾನಂದ ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಏಣಿ ಹೊತ್ತುಕೊಂಡು ಹೊರಟವನು ಹತ್ತು ದಿನ ಮನೆ ಸೇರಲಿಲ್ಲ ಎನ್ನುತ್ತಾರೆ. ಊಟಕ್ಕೆ ಮಾತ್ರ ಬರುತ್ತಿದ್ದ. ಕತ್ತರಿಸಿದ ತಂತಿಗಳನ್ನೆಲ್ಲ ಜೋಡಿಸುತ್ತ ಹೋದ. ಭಟ್ಕಳದಲ್ಲಿ ಬಳೆಯಂಗಡಿಯ ನರೇಶ ಶಾನಭಾಗನ ಫೋನು ಸತ್ತು ಐದು ತಿಂಗಳಾಗಿತ್ತು.

"ಓಹೋ, ಬಂದ್ಯಾ ನಿತ್ಯಾನಂದಣ್ಣ! ದೇವ್ರು ಪ್ರತ್ಯಕ್ಷ ಆದಂಗಾತು."

"ಕೇಬಲ್ಲಿಗೆ ಹೆಗ್ಗಣ ಬಿದ್ದಿತ್ತು ಮಾರಾಯ. ಕಚ್ಚಿ ಹಾಳು ಮಾಡ್ತು."

ನರೇಶ ತಂತಿಯ ತುದಿ ಹಿಡಿದು ಬೆಳಕಿಗೆ ನೋಡಿದ. "ಹಲ್ಲಿನ ಗುರ್ತೇ ಇಲ್ಲ, ಸಮಾ ಕತ್ತರ್ಸಿ ಇಟ್ಟದೆ. ಹೆಗ್ಗಣಕ್ಕೆ ಪಕ್ಕಡ ಕೊಟ್ಟವ್ರು ಯಾರು?"

ನಿತ್ಯಾನಂದ ತಂತಿ ಹೆಣೆದ.

"ಹೆಸ್ರು ಕೊಡ್ತೆ, ಹೆದ್ರಬೇಡ," ಎಂದ ನರೇಶ. "ನಿನ್ನ ಮುಖ ನೋಡಿ ಅಲ್ಲ. ಆ ಬೋಗಿ ನಂಗೂ ಬೇಕು. ಅದು ಬಂದ ಮರುದಿನ ನಿನ್ನ ಬಳಗಕ್ಕೂ ನಿಂಗೂ ಒಂದು ದೊಡ್ಡ ನಮಸ್ಕಾರ."

ಎಲ್ಲ ಕಡೆಯೂ ಇದೇ ಪೂಜೆ. ಕೆಲವರು ಬೈದು ಹೆಸರು ಕೊಟ್ಟರು, ಕೆಲವರು ಹೆಸರು ಕೊಟ್ಟು ಬೈದರು, ಮೂವತ್ತೇಳು ಜನ ಬೈದರು ಮಾತ್ರ. ಮೂವತ್ತೊಂದರ ಬೆಳಿಗ್ಗೆ ಕಂಪನಿಯ ಪುಟದಲ್ಲಿ ತೊಂಬತ್ತೊಂಬತ್ತು ಹೆಸರಿದ್ದವು. ಪಟ್ಟಿಯಲ್ಲಿ ಕೇಳದೆ ಉಳಿದಿದ್ದ ಮನುಷ್ಯ ಒಬ್ಬನೇ.

ಕುಮಟೆಗೆ ಹೋದಾಗ ತ್ರ್ಯಂಬಕ ಭಟ್ಟರು ಜಗಲಿಯ ಮೇಲೆ ಕವಳ ಹಾಕುತ್ತ ಕೂತಿದ್ದರು. ಇವನನ್ನು ಕಂಡು ಎಲೆಗೆ ಸುಣ್ಣ ಹಚ್ಚಿದರು. ಹಚ್ಚಿದರು, ಹಚ್ಚಿದರು, ಆ ಸುಣ್ಣದಲ್ಲಿ ಒಂದು ಮನೆಗೆ ಬಳಿಯಬಹುದಿತ್ತು.

"ಮಾಸ್ತರ್ರೇ, ನಿಮ್ಮದೊಂದು ಹೆಸ್ರು ಬೇಕಿತ್ತು."

"ನನ್ನ ಹೆಸ್ರಾ? ಅದನ್ನ ನೀನು ಮೂರು ಸಲ ಹೊರಗೆ ಹಾಕಿದ್ದಿ ಅಲ್ದನಾ?"

"ಪೇಟೆಯ ಸೈಬರ್ ಅಂಗಡಿಗೆ ಬನ್ನಿ, ಗಾಡಿ ಮೇಲೆ ಕರ್ಕೊಂಡು ಹೋಗ್ತೆ. ಐದು ನಿಮಿಷದ ಕೆಲ್ಸ."

"ಹೆಸರು ಕೊಟ್ರೆ ಈ ಮನೆಯಿಂದ, ಈ ಫೋನಿಂದ. ಎಂಟು ತಿಂಗಳ ಹಿಂದೆ ಕತ್ತರ್ಸಿದ ಕೈಯೇ ಜೋಡಿಸಬೇಕು. ಮತ್ತೆ," ಎಂದು ಭಟ್ಟರು ಎಲೆ ಮಡಿಚಿ ಬಾಯಿಗಿಟ್ಟುಕೊಂಡು, ಕಂಬ ತೋರಿಸಿದರು. "ಅದರ ತುದಿಯಿಂದ ಕೂಗಬೇಕು. ಹನ್ನೆರಡನೇ ಬೋಗಿ ಕೆಂಪು ಅಂತ. ಈ ಕೇರಿಗೆಲ್ಲ ಕೇಳಬೇಕು."

ನಿತ್ಯಾನಂದ ಎದ್ದು ಹೋದ. ಹನ್ನೆರಡು ಗಂಟೆಗೆ ವಾಪಸು ಬಂದ. ಮತ್ತೆ ಹೋದ. ಮೂರು ಗಂಟೆಗೆ ಬಂದು ಗೇಟಿನಲ್ಲಿ ನಿಂತ. ಐದು ಗಂಟೆಗೆ ಏಣಿ ಇಟ್ಟ. ತಂತಿ ಜೋಡಿಸಿ, ಕಣ್ಣು ಮುಚ್ಚಿ, ಕೂಗಿದ. ಆ ಕೂಗಿಗೆ ಅಘನಾಶಿನಿಯಲ್ಲಿ ಮೀನು ಮೇಲೆ ಹಾರಿದವು.

ಬುಟ್ಟಿ ಹೊತ್ತು ಮನೆಗೆ ಹೊರಟಿದ್ದ ಮೀನಿನ ಸೋಮಿ ನಿಂತು ನೋಡಿದಳು. "ಎಂತದಾ ಕೆಂಪು? ಮಳ್ಳು ಹಿಡೀತಾ ನಿಂಗೆ?"

"ನೀ ಹೋಗೇ!" ಎಂದ ನಿತ್ಯಾನಂದ.

"ನಾ ಹೋಗ್ತೆ. ನೀ ಬೀಳಬೇಡ. ಬಿದ್ರೆ ನೀನೇ ಕೆಂಪಾಗ್ತೆ."

ಭಟ್ಟರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಅಲ್ಲೇ ಇರು. ಸರಿ ಆಗಿದ್ದೋ ಇಲ್ಲವೋ ನೋಡ್ತೆ," ಎಂದು ಒಳಗೆ ಹೋದರು. ಗಂಟೆ ಐದೂವರೆ.

ಕಂಬದ ತುದಿಯಲ್ಲಿ ನಿತ್ಯಾನಂದನ ತಲೆಗೆ ಹುಳ ಹೊಕ್ಕಿತು. ಈ ಮನುಷ್ಯ ನಿಜವಾಗಿ ಹೆಸರು ಕೊಡುತ್ತಾನೆಯೇ? ಒಳಗೆ ಕೂತು ಕವಳ ಜಗಿಯುತ್ತ ಆರು ಹೊಡೆಯುವುದನ್ನು ಕಾಯುತ್ತಿದ್ದರೆ? ಸೊಂಟದಲ್ಲಿ ಲೈನು ಪರೀಕ್ಷಿಸುವ ಫೋನು ತೂಗುತ್ತಿತ್ತು. ಅದರ ಚಿಮಟ ಎರಡನ್ನು ಯಾವ ತಂತಿಗೆ ಕಚ್ಚಿಸಿದರೂ ಆ ಮನೆಯ ಸದ್ದು ಕಿವಿಗೆ ಬರುತ್ತದೆ. ಕಚ್ಚಿಸಿದ. ಕಿವಿಗಿಟ್ಟ. ಕೀಂಯ್, ಕರ್ರ್, ಟೊಂಯ್ ಎಂದು ಕಂಪ್ಯೂಟರು ಕರೆಯುವ ಸದ್ದು! ಭಟ್ಟರು ಸತ್ಯವಂತರೇ ಎಂದುಕೊಳ್ಳುವಷ್ಟರಲ್ಲಿ ಸದ್ದು ನಿಂತಿತು.

"ಕಟ್ ಆತು!" ಎಂದರು ಒಳಗಿನಿಂದ.

ನೆಟ್ ಇರುವಾಗ ಅದೇ ಲೈನಿನ ಇನ್ನೊಂದು ಫೋನು ಎತ್ತಬೇಡಿ, ಎತ್ತಿದರೆ ಕಡಿಯುತ್ತದೆ ಎಂದು ಮೂರು ತಾಲೂಕಿನ ಗಿರಾಕಿಗಳಿಗೆ ಮೂರು ಸಾವಿರ ಸಲ ಹೇಳಿದವನು ಇವನೇ. ಆದರೆ ಕಂಬದ ಮೇಲೆ ಕೂತವನಿಗೆ ತನ್ನ ಕೈಯ ಫೋನು ಫೋನಿನಂತೆ ಕಾಣಲಿಲ್ಲ, ಕಿವಿಯಂತೆ ಕಂಡಿತು. 'ನಾಟಕ,' ಎಂದುಕೊಂಡ. 'ಬೇಕೆಂದೇ ಕಡಿದ.'

"ಮತ್ತೆ ಹಚ್ಚಿ ಮಾಸ್ತರ್ರೇ! ಕಳ್ಳಾಟ ಬೇಡ!"

"ನಿನ್ನ ತಂತಿಯೇ ಕಳ್ಳ!"

ಹತ್ತು ನಿಮಿಷ ಕಳೆದು ಮತ್ತೆ ಕೀಂಯ್, ಕರ್ರ್. ಈ ಸಲ ಯಾವ ನಂಬರಿಗೆ ತಿರುಗಿಸುತ್ತಾನೆ ನೋಡುತ್ತೇನೆಂದು ನಿತ್ಯಾನಂದ ಮತ್ತೆ ಕಿವಿಗಿಟ್ಟ. ಮತ್ತೆ ಕಡಿಯಿತು. ಮೂರನೆಯ ಸಲ ಭಟ್ಟರು ಕಂಪನಿಯ ಪುಟ ತೆರೆದು, ಗುಪ್ತಪದದ ಆರು ಅಕ್ಷರ ಕುಟ್ಟಿಯಾಗಿತ್ತು. ಹೊರಗಿದ್ದವನಿಗೆ ತಡೆಯಲಾಗಲಿಲ್ಲ; ಮತ್ತೆ ಕಿವಿಗಿಟ್ಟ, ಮತ್ತೆ ಕಡಿಯಿತು.

ಭಟ್ಟರ ಹೆಂಡತಿ ಮಹಾಲಕ್ಷ್ಮಿ ಒಣಗಿದ ಬಟ್ಟೆ ತೆಗೆಯಲು ಅಂಗಳಕ್ಕೆ ಬಂದವಳು ಮೇಲೆ ನೋಡಿದಳು. ಒಳಗೆ ಗಂಡ ಬೈಯುವುದು ಕೇಳುತ್ತಿತ್ತು. ಮೇಲೆ ಇವನು ಕಿವಿಗೆ ಫೋನು ಒತ್ತಿಕೊಂಡದ್ದು ಕಾಣುತ್ತಿತ್ತು.

"ಹೋಯ್, ಆ ಚಿಮಟ ಕಚ್ಚಿಸ್ಕೊಂಡು ಎಂತ ಕೇಳ್ತಾ ಇದ್ರಿ?" ಎಂದಳು. ಮನೆಯ ಕಡೆ ತಿರುಗಿ ಕೂಗಿದಳು. "ಇಲ್ಲಿ ಬನ್ನಿ! ಫೋನು ಹಾಳಾಗಿದ್ದಲ್ಲ. ನಿಮ್ಮ ಲೈನಿನ ಮೇಲೆ ಮನುಷ್ಯ ಕುಂತಿದ್ದ!"

ಒಳಗೆ ಗೋಡೆ ಗಡಿಯಾರ ಆರು ಹೊಡೆಯಿತು. ಅಷ್ಟು ನಿಧಾನವಾಗಿ ಆರು ಹೊಡೆದ ಗಡಿಯಾರ ಕುಮಟೆಯಲ್ಲಿ ಮತ್ತೊಂದಿಲ್ಲ.

ಭಟ್ಟರು ಹೊರಗೆ ಬಂದರು. ಚಿಮಟ ನೋಡಿದರು, ನಿತ್ಯಾನಂದನನ್ನು ನೋಡಿದರು. ಒಳಗೆ ಹೋಗಿ ಮತ್ತೆ ಲೈನು ಹಚ್ಚಿದರು. ಮೊದಲ ಸಲಕ್ಕೇ ಸಿಕ್ಕಿತು. ಕಂಪನಿಯ ಪುಟದಲ್ಲಿ ತೊಂಬತ್ತೊಂಬತ್ತು ಹೆಸರು, ಅವಧಿ ಮುಗಿದಿದೆ ಎಂಬ ಒಂದು ಸಾಲು. ಭಟ್ಟರು ಬಳಗದ ಎಲ್ಲರಿಗೂ ನಡೆದದ್ದನ್ನು ನಡೆದಂತೆ ನಾಲ್ಕು ಸಾಲು ಬರೆಯತೊಡಗಿದರು. ಕೀಲಿಗಳ ಟಕಟಕ ಕಿಟಕಿಯಿಂದ ಕಂಬದವರೆಗೂ ಕೇಳುತ್ತಿತ್ತು. ನಿತ್ಯಾನಂದನ ಬಲಗೈ ತಾನಾಗಿಯೇ ಪಕ್ಕಡ ಎತ್ತಿ ತಂತಿಗೆ ತಾಗಿಸಿತು.

"ಕತ್ತರ್ಸಿ, ನೋಡ್ವ," ಎಂದಳು ಕೆಳಗಿನಿಂದ ಮಹಾಲಕ್ಷ್ಮಿ. ಹೋದವಳೆಂದುಕೊಂಡಿದ್ದ ಸೋಮಿ ಬುಟ್ಟಿ ಇಳಿಸಿ ಕೂತಿದ್ದಳು. ಕೇರಿಯೇ ಗೇಟಿಗೆ ಬಂದಿತ್ತು. ನಿತ್ಯಾನಂದ ಪಕ್ಕಡವನ್ನು ಕಿಸೆಗೆ ಹಾಕಿಕೊಂಡ.

ಆ ವಾರ ಬಳಗದಿಂದ ಜನ ಹೋದದ್ದನ್ನು ಹೋಲಿಸಲು, ಬಲೆ ಹರಿದ ಮೇಲೆ ಬಂಗಡೆ ಮೀನು ಹೋಗುವುದೊಂದೇ ಇದೆ. ಮೊದಲ ದಿನ ನರೇಶ, ಗಣಪ, ದುಬೈಯವರಷ್ಟೂ ಜನ. ಮೂರನೆಯ ದಿನ ಮುಂಬಯಿಯವರು. ಅಕ್ಕನ ಮಗ ನಾಗ ಕೂಡ ಸದ್ದಿಲ್ಲದೆ ಹೆಸರು ತೆಗೆಸಿಕೊಂಡ. ಶನಿವಾರ ಸಂಜೆ ಪಟ್ಟಿಯಲ್ಲಿ ಎರಡು ಹೆಸರಿದ್ದವು. ಭಟ್ಟರನ್ನು ನಾಲ್ಕನೆಯ ಸಲ ಹೊರಗೆ ಹಾಕಲು ನಿತ್ಯಾನಂದ ಬೆರಳು ಚಾಚಿದ. ಅಷ್ಟರಲ್ಲಿ ಅವರಿಂದ ಒಂದು ಸಾಲು ಬಂತು: 'ನನ್ನ ಫೋನು ಈಗ ಸರಿ ಇದೆ. ಧನ್ಯವಾದಗಳು.' ಮರುಕ್ಷಣ ಅವರ ಹೆಸರೂ ಇಲ್ಲವಾಯಿತು.

ನಿತ್ಯಾನಂದ ಬೆರಳು ಹಾಗೇ ಹಿಡಿದು ಕೂತಿದ್ದ. ಸುಮತಿ ಸೆರಗಿಗೆ ಕೈ ಒರೆಸುತ್ತ ಬಂದು ಪರದೆ ನೋಡಿದಳು.

"ಇನ್ನು ಯಾರಿದ್ರು ಅಲ್ಲಿ?"

"ಯಾರೂ ಇಲ್ಲ."

"ಹಂಗಾದ್ರೆ ಬದಿಗೆ ಸರೀರಿ. ಅಮ್ಮನ ಹತ್ರ ಮಾತಾಡ್ಬೇಕು. ಮೂರು ವರ್ಷ ಆತು, ನಮ್ಮನೆ ಲೈನು ಖಾಲಿ ಸಿಕ್ದೆ," ಎಂದು ಅವಳು ರಿಸೀವರ್ ಎತ್ತಿ ನಂಬರು ತಿರುಗಿಸತೊಡಗಿದಳು.