ಕಡಲೆಕಾಳಿನ ಚಂದ್ರ

ವಿಜ್ಞಾನ ದಿನಕ್ಕೆಂದು ಸಂಪಗಾಂವ ಹತ್ತಿರದ ಒಂದು ಶಾಲೆಯ ಅಂಗಳದಲ್ಲಿ ಭಾಗೀರಥಿ ಟೀಚರು ಸೊಂಟ ನೋಯುವವರೆಗೆ ಬಗ್ಗಿ, ಶನಿಗ್ರಹವನ್ನೂ ಅದರ ಬಳೆಗಳನ್ನೂ ರಂಗೋಲಿಯಲ್ಲಿ ಬಿಡಿಸಿದ್ದರು. ಹೊರಬಳೆಯ ನಡುವೆ ಬೆರಳಗಲದ ಖಾಲಿ ಸುತ್ತು ಬಿಟ್ಟು, ಅದರಲ್ಲಿ ಪುಟ್ಟ ಚಂದ್ರನೆಂದು ಒಂದು ಕಡಲೆಕಾಳು ಇಟ್ಟಿದ್ದರು. ಕೈ ತೊಳೆದು ಬರುವಷ್ಟರಲ್ಲಿ ಸುತ್ತೂ ಇಲ್ಲ, ಕಾಳೂ ಇಲ್ಲ. ಹೆಡ್‌ಮಾಸ್ತರ ವೀರಪ್ಪನವರು ರಂಗೋಲಿ ಡಬ್ಬಿ ಹಿಡಿದು ನಿಂತಿದ್ದರು.

“ಅತಿಥಿಗಳು ಬರೋ ಹಾದ್ಯಾಗ ರಂಗೋಲಿ ಅರ್ಧಾ ಬಿಡಬಾರದ್ರಿ ಅಕ್ಕೋರ. ಅದಕ್ಕ ನಾನ ತುಂಬೇನಿ. ಒಂದು ಕಡ್ಲಿ ಬಿದ್ದಿತ್ತು, ತಗದು ಒಗದೇನಿ.”

ಭಾಗೀರಥಿಯವರ ಮೈ ಉರಿದುಹೋಯಿತು. ಕೇಳುವ ಸೌಜನ್ಯವಾದರೂ ಬೇಡವೇ?

“ಅದು ಚಂದ್ರ ಸರ್. ಬಳಿಯಾಗಿನ ಕಲ್ಲು, ಬರ್ಫ ಎಲ್ಲಾ ಸರಿಸಿ ಅದು ಆ ಹಾದಿ ಮಾಡಿಕೊಂಡೈತಿ.”

“ಅಷ್ಟು ಸಣ್ಣದು ಇದ್ರೆಷ್ಟು, ಬಿಟ್ರೆಷ್ಟು?”

ಭಾಗೀರಥಿ ಟೀಚರು ಕುಕ್ಕರಗಾಲಲ್ಲಿ ಕುಳಿತು, ಬೆರಳಿನಿಂದ ಪುಡಿ ಸರಿಸಿ ಸುತ್ತನ್ನು ಮತ್ತೆ ತೆರೆದು, ಹೊಸ ಕಾಳು ಇಟ್ಟರು. ವೀರಪ್ಪನವರು ಡಬ್ಬಿ ಹಿಡಿದು ಮತ್ತೆ ಆ ಸುತ್ತಿನ ಮೇಲೆಯೇ ಬಗ್ಗಿದರು.

“ಇದು ಸುತ್ತೋತನಕ ಈ ಹಾದ್ಯಾಗ ಧೂಳ ಸೈತ ನಿಲ್ಲಂಗಿಲ್ಲ ಸರ್. ನೀವೂ ಆಚಿ ಸರೀರಿ.”